ಆಷಾಢದಲ್ಲಿ ಹಂಚಿದ ಮದುವೆಗಳು

ಮದುವೆ ಫೋಟೋ ತೆಗೆಯುವವರಿಗೆ ಆಷಾಢ ಬಂತೆಂದರೆ ಕೈ ಖಾಲಿ. ಹಾಗಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕಿನ ಫೋಟೋಗ್ರಾಫರುಗಳ ಸಂಘ ತನ್ನ ವಾರ್ಷಿಕ ಸಮಾವೇಶವನ್ನು ಆಷಾಢದಲ್ಲೇ ಇಟ್ಟುಕೊಳ್ಳುತ್ತದೆ. ನನ್ನ ಗಂಡ ಆ ಸಂಘದ ಕಾರ್ಯದರ್ಶಿಯಾಗಿದ್ದರು. ಅವರನ್ನು ಇಲ್ಲಿ ‘ನಮ್ಮವರು’ ಎಂದೇ ಬರೆಯುತ್ತೇನೆ. ಇದ್ದಾಗ ನಾಲ್ಕು ಜನರೆದುರು ಹಾಗೇ ಹೇಳುತ್ತಿದ್ದೆ, ಈಗ ಬೇರೆ ಪದ ಹುಡುಕುವ ಹುಮ್ಮಸ್ಸಿಲ್ಲ. ಸಮಾವೇಶಕ್ಕೆ ಇನ್ನೂ ಒಂದೂವರೆ ತಿಂಗಳಿದೆ ಎನ್ನುವಾಗ ಅವರು ತೀರಿಕೊಂಡರು. ಬೆಳಗ್ಗೆ ಸ್ಟುಡಿಯೋದ ಬಾಗಿಲು ತೆಗೆದು, ಯಾಕೋ ಎದೆ ಹಿಡಿದ ಹಾಗಾಗುತ್ತಿದೆ ಎಂದು ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತವರು ಮತ್ತೆ ಏಳಲಿಲ್ಲ.

ನಾನು ಅಳಲಿಲ್ಲ. ಇದನ್ನು ಧೈರ್ಯವೆಂದು ಹೇಳಿಕೊಳ್ಳುತ್ತಿಲ್ಲ, ಅಳು ಬರಲಿಲ್ಲ ಅಷ್ಟೆ. ಮಣ್ಣು ಮಾಡುವಾಗಲೂ ಬರಲಿಲ್ಲ, ಶಿವಗಣಾರಾಧನೆಯ ದಿನವೂ ಬರಲಿಲ್ಲ. ನೆಂಟರು ಒಬ್ಬರಾದ ಮೇಲೊಬ್ಬರು ಪಕ್ಕದಲ್ಲಿ ಕೂತು, ಒಂದ್ಸಲ ಅತ್ತುಬಿಡು, ಹಗುರಾಗುತ್ತೆ ಎಂದು ಬುದ್ಧಿ ಹೇಳಿ ಹೋದರು. ಹಗುರಾಗುವುದು ನನಗೋ ಅವರಿಗೋ ಎಂಬ ಅನುಮಾನ ಬಂತು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದೂ ಇಲ್ಲದ ಹಾಗಾಗುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಉಣ್ಣುತ್ತಿದ್ದೆ, ಏನು ಉಂಡೆ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ನಮ್ಮ ಸ್ಟುಡಿಯೋ ಇರುವುದು ಅಜ್ಜಂಪುರದಲ್ಲಿ. ಬೋರ್ಡಿನಲ್ಲಿ ಅವರ ಹೆಸರಿದ್ದರೂ ಕೆಲಸ ಇಬ್ಬರದು. ಮದುವೆಗಳಲ್ಲಿ ಗಂಡಿನ ಕಡೆಯ ಫೋಟೋ, ವೇದಿಕೆ, ಸಾಲಾಗಿ ಬಂದು ನಿಲ್ಲುವ ನೆಂಟರು ಅವರ ಪಾಲು. ಹೆಣ್ಣಿನ ಕೋಣೆ, ಅರಿಸಿನ ಶಾಸ್ತ್ರ, ಬಳೆ ಶಾಸ್ತ್ರ ನನ್ನ ಪಾಲು. ಮುಹೂರ್ತದ ಹೊತ್ತಿಗೆ ಇಬ್ಬರೂ ವೇದಿಕೆ ಹತ್ತುತ್ತಿದ್ದೆವು. ಅವರು ಪಕ್ಕಕ್ಕೆ, ನಾನು ನೇರ ಎದುರಿಗೆ. ಏಕೆಂದರೆ ನಾನು ಗಿಡ್ಡ, ಹಿಂದೆ ಕೂತವರಿಗೆ ಅಡ್ಡವಾಗುವುದಿಲ್ಲ. ಮದುವೆ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆಲ್ಬಂ ಮಾಡುವುದಂತೂ ಪೂರ್ತಿ ನನ್ನದೇ. ಸಂಘದ ನೋಟಿಸು, ಆಹ್ವಾನ ಪತ್ರಿಕೆ, ಸಮಾವೇಶದ ಊಟ ತಿಂಡಿಯ ಏರ್ಪಾಡು ಕೂಡ ಕಾರ್ಯದರ್ಶಿಗಳ ಹೆಸರಿನಲ್ಲಿ ನನ್ನ ತಲೆಗೇ ಬರುತ್ತಿದ್ದವು. ಸಂಘದವರು ಮಾತ್ರ, ಅವರ ಮನೆಯವರೂ ಸ್ವಲ್ಪ ಸಹಾಯ ಮಾಡ್ತಾರೆ ಎನ್ನುತ್ತಿದ್ದರು. ಆ ‘ಸ್ವಲ್ಪ’ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆರಾಧನೆ ಮುಗಿದು ಮನೆ ಖಾಲಿಯಾದ ಮೇಲೆ ಸಂಘದ ಅಧ್ಯಕ್ಷರು ಬಂದರು. ಕಡೂರಿನವರು, ವಯಸ್ಸಾದವರು. ಫಿಲಂ ರೋಲಿನ ಕಾಲದಿಂದ ಕಸುಬು ಮಾಡಿಕೊಂಡು ಬಂದಿದ್ದಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಚಾಪೆಯ ಮೇಲೆ ಕೂತು ಮಾತು ತೆಗೆದರು.

“ತಂಗಿ, ಈ ಸಲದ ಸಮಾವೇಶಾನೂ ನೀನೇ ಒಂದು ದಾರಿಗೆ ತಂದ್ಬಿಡವ್ವ. ನಿನಗೂ ಮನಸ್ಸು ಆ ಕಡೆ ಹೋಗುತ್ತೆ. ಡೇಟುಗಳ ಚಿಂತೆ ಮಾಡ್ಬೇಡ, ನಮ್ಮ ಹುಡುಗ್ರು ಹಂಚ್ಕಂಡು ಮಾಡ್ಕೊಡ್ತಾರೆ.”

ನಾನು ಹೂಂ ಎಂದೆ. ಆಗ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ.

ಡೇಟು ಹಂಚುವುದು ನಮ್ಮ ಸಂಘದ ಪದ್ಧತಿ. ಸದಸ್ಯನೊಬ್ಬ ತೀರಿಕೊಂಡರೆ ಅವನು ಒಪ್ಪಿಕೊಂಡಿದ್ದ ಮದುವೆಗಳನ್ನು ಉಳಿದವರು ಮಾಡಿಕೊಡುತ್ತಾರೆ. ಬಂದದ್ದನ್ನು ಪೂರ್ತಿ ಅವನ ಮನೆಗೆ ತಲುಪಿಸುತ್ತಾರೆ, ಪೆಟ್ರೋಲಿನದೂ ಹಿಡಿದುಕೊಳ್ಳುವುದಿಲ್ಲ. ಹಂಚುವುದು ಸಮಾವೇಶದಲ್ಲಿ, ಎಲ್ಲರ ಎದುರಿಗೆ. ಅಧ್ಯಕ್ಷರು ಮೈಕಿನಲ್ಲಿ ದಿನ, ಊರು ಹೇಳುತ್ತಾರೆ. ಯಾವ ಸದಸ್ಯ ಮೊದಲು ‘ನಂದು’ ಎನ್ನುತ್ತಾನೋ ಆ ಮದುವೆ ಅವನದು. ಕೈಗೆ ಏನೂ ದಕ್ಕದ ಕೆಲಸಕ್ಕೆ ನಾ ಮುಂದು ತಾ ಮುಂದು ಎಂದು ಕೂಗುತ್ತಾರೆ. ಇಂಥ ಪದ್ಧತಿ ಬೇರೆ ಯಾವ ಸಂಘದಲ್ಲಿದೆ ಹೇಳು ಎಂದು ನಮ್ಮವರು ಎದೆಯುಬ್ಬಿಸುತ್ತಿದ್ದರು. ನಾನೂ ಹಿಂದಿನ ಸಾಲಿನಲ್ಲಿ ನಿಂತು ನೋಡಿ ಕಣ್ಣು ಒರೆಸಿಕೊಂಡದ್ದುಂಟು.

ಒಳ್ಳೆಯ ಪದ್ಧತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೀಗೆ ಡೇಟು ಹಂಚಿದ ಮೇಲೆ ಆ ಸ್ಟುಡಿಯೋ ಮತ್ತೆ ತೆರೆದದ್ದನ್ನು ನಾನು ಕಂಡಿಲ್ಲ. ಮದುವೆಯ ಫೋಟೋ ತೆಗೆದುಕೊಟ್ಟವನ ನಂಬರು ಆ ಮನೆಯವರ ಫೋನಿನಲ್ಲಿ ಉಳಿಯುತ್ತದೆ. ಆಮೇಲೆ ಸೀಮಂತ, ತೊಟ್ಟಿಲು, ಗೃಹಪ್ರವೇಶ ಎಲ್ಲಕ್ಕೂ ಅವನೇ. ನಮ್ಮವರು ಶ್ರಾವಣಕ್ಕೆ, ಕಾರ್ತೀಕಕ್ಕೆ ಒಪ್ಪಿಕೊಂಡಿದ್ದ ಮದುವೆಗಳು ನನಗೆ ಬೇಕಾಗಿದ್ದವು. ದುಃಖ ಎಲ್ಲಿ ಹೋಗಿ ಕೂತಿತ್ತೋ ತಿಳಿಯದು, ಇದೊಂದು ಮಾತ್ರ ನಿಚ್ಚಳವಾಗಿತ್ತು. ಅವು ಹೋದರೆ ಸ್ಟುಡಿಯೋ ಹೋಯಿತು, ಸ್ಟುಡಿಯೋ ಹೋದರೆ ಊರಿನ ಪಾಲಿಗೆ ನಾನು ‘ಅಯ್ಯೋ ಪಾಪ’ ಎನ್ನಿಸಿಕೊಳ್ಳುವ ಹೆಂಗಸು.

ತೊಡಕು ಎಂದರೆ ‘ನಂದು’ ಎನ್ನಲು ಸದಸ್ಯರಾಗಿರಬೇಕು. ನಾನು ಸದಸ್ಯೆಯಲ್ಲ. ಅಷ್ಟು ವರ್ಷ ಅವರ ಹೆಸರೊಂದೇ ಸಾಕು ಎಂದುಕೊಂಡಿದ್ದೆವು. ಹೊಸ ಸದಸ್ಯರನ್ನು ಸಭೆ ಒಪ್ಪಬೇಕು, ಅದು ಸಮಾವೇಶದ ಕಟ್ಟಕಡೆಗೆ, ಅರ್ಧ ಜನ ಬಸ್ಸು ಹಿಡಿದು ಹೋದ ಮೇಲೆ. ಡೇಟು ಹಂಚುವುದೋ ಬೆಳಗ್ಗೆ, ಮೌನಾಚರಣೆ ಆದ ಕೂಡಲೆ. ಕಾರ್ಯಕ್ರಮ ಪಟ್ಟಿ ಮಾಡುವುದು ನನ್ನ ಕೈಯಲ್ಲೇ ಇದೆ ಎಂಬುದು ಮಾರನೆಯ ದಿನ ಪಾತ್ರೆ ತೊಳೆಯುವಾಗ ಹೊಳೆಯಿತು. ಎರಡನ್ನೂ ಊಟದ ನಂತರಕ್ಕೆ ತಂದು, ಹೊಸ ಸದಸ್ಯರನ್ನು ಮೊದಲು ಹಾಕಿದರೆ ಆಯಿತು. ಖುಷಿಯೇನೂ ಆಗಲಿಲ್ಲ. ಪಾತ್ರೆ ತೊಳೆದು ಮುಗಿಸಿದೆ.

ಎರಡು ಸಾಲು ಅದಲು ಬದಲು ಮಾಡಿದರೆ ಎದ್ದು ಕಾಣುತ್ತದೆ. ಇಡೀ ಸಮಾವೇಶವನ್ನೇ ಬದಲಿಸಿದರೆ ಯಾರಿಗೂ ಅನುಮಾನ ಬಾರದು. ಹಾಗಂತ ಬರೀ ಉಪಾಯಕ್ಕೆ ಬದಲಿಸಿದೆ ಎನ್ನಲಾರೆ. ನಮ್ಮ ಸಮಾವೇಶ ಕೆಟ್ಟು ಕೂತು ಎಷ್ಟೋ ಕಾಲವಾಗಿತ್ತು. ಒಂದೊಂದು ವರ್ಷ ಒಂದೊಂದು ತಾಲ್ಲೂಕಿನ ಸರದಿ, ಹೋದ ಸಲದವರಿಗಿಂತ ದೊಡ್ಡ ಹೂವಿನ ಹಾರ ತರಿಸುವುದರಲ್ಲೇ ಪೈಪೋಟಿ. ಉದ್ಘಾಟಕರು ಬರುವವರೆಗೆ ದೀಪ ಹಚ್ಚುವ ಹಾಗಿಲ್ಲ, ಅವರು ಬರುವುದು ತಿಂಡಿ ತಣ್ಣಗಾದ ಮೇಲೆ. ಆಮೇಲೆ ಸನ್ಮಾನ. ಶಾಲು ಹೊದೆಸುವ ಗಳಿಗೆಗೆ ಸಭೆಯಲ್ಲಿದ್ದವರೆಲ್ಲ ಎದ್ದು ಕ್ಯಾಮೆರಾ ಹಿಡಿದು ವೇದಿಕೆಯ ಮುಂದೆ ನುಗ್ಗುವರು. ಕುರ್ಚಿಯಲ್ಲಿ ಉಳಿಯುವುದು ಕ್ಯಾಮೆರಾ ಚೀಲಗಳು ಮಾತ್ರ. ಬೆಂಗಳೂರಿನಿಂದ ಬಂದ ಕ್ಯಾಮೆರಾ ಕಂಪನಿಯವನು ಆ ಚೀಲಗಳನ್ನು ನೋಡಿಕೊಂಡೇ ಭಾಷಣ ಮುಗಿಸುತ್ತಿದ್ದ.

ಇತ್ತ ಕಸುಬು ಕಾಲ ಕೆಳಗೆ ಸರಿಯುತ್ತಿತ್ತು. ಅರಿಸಿನ ಶಾಸ್ತ್ರವನ್ನು ಈಗ ಮದುಮಗಳ ಗೆಳತಿಯರು ಫೋನಿನಲ್ಲೇ ಹಿಡಿದು ಸಾಯಂಕಾಲದೊಳಗೆ ರೀಲ್ಸ್ ಮಾಡಿ ಹಾಕಿಬಿಡುತ್ತಾರೆ. ನಾವು ಆಲ್ಬಂ ಕೊಡುವ ಹೊತ್ತಿಗೆ ಮದುವೆ ಹಳತಾಗಿರುತ್ತದೆ. ಮುಖ ತೋರಿಸಿದರೆ ಸಾವಿರ ಫೋಟೋದಲ್ಲಿ ಆ ಮುಖವಿರುವುದನ್ನೆಲ್ಲ ಕಂಪ್ಯೂಟರೇ ಹುಡುಕಿ ಅತಿಥಿಗಳಿಗೆ ಕಳಿಸುತ್ತದೆ. ನಾನು ದಿನವೆಲ್ಲ ಕೂತು ಅಳಿಸುತ್ತಿದ್ದ ಮೊಡವೆಯನ್ನು ಅದು ಕಣ್ಣು ಮಿಟುಕಿಸುವುದರಲ್ಲಿ ಅಳಿಸುತ್ತದೆ, ಜೊತೆಗೆ ಮೂಗನ್ನೂ ಸ್ವಲ್ಪ ಅಳಿಸುತ್ತದೆ. ಇದನ್ನೆಲ್ಲ ಮಾತಾಡಬೇಕಾದ ಜಾಗದಲ್ಲಿ ನಾವು ಶಾಲು ಹೊದೆಸುತ್ತಿದ್ದೆವು.

ಹೀಗಾಗಿ ಸನ್ಮಾನ ತೆಗೆದೆ, ಉದ್ಘಾಟಕರನ್ನೂ ತೆಗೆದೆ. ಸರದಿ ಬಿಟ್ಟು ಬೀರೂರಿನಲ್ಲಿ ಒಂದು ಛತ್ರ ಹಿಡಿದೆ. ಬೀರೂರಾದರೆ ಮೂರೂ ಕಡೆಯವರಿಗೆ ರೈಲುಂಟು. ಕ್ಯಾಮೆರಾ ಒಳಗೆ ತರುವ ಹಾಗಿಲ್ಲ, ಬಾಗಿಲಲ್ಲೇ ಟೋಕನ್ ಕೊಟ್ಟು ಇಡಿಸಿಕೊಳ್ಳುವುದು ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದೆ. ಹೊಸ ಸಾಫ್ಟ್‌ವೇರು ಕಲಿಸಲು ಒಂದು ಗೋಷ್ಠಿ, ಗಿರಾಕಿಗಳೊಡನೆ ಒಪ್ಪಂದ ಬರೆದುಕೊಳ್ಳುವುದರ ಬಗ್ಗೆ ಇನ್ನೊಂದು. ಹಜಾರದ ಮೂಲೆಯಲ್ಲಿ ಬಿ.ಪಿ., ಶುಗರು ನೋಡಲು ಒಬ್ಬ ನರ್ಸು. ನರ್ಸು ಯಾಕೆ ಎಂದು ಯಾರೂ ಕೇಳಲಿಲ್ಲ.

ಅಧ್ಯಕ್ಷರು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ, ಹಾರ ತುರಾಯಿ ಏನೂ ಇಲ್ಲದಿದ್ದರೆ ಜನ ಬರುತ್ತಾರೆಯೇ ಎಂದಷ್ಟೇ ಕೇಳಿದರು. ಊಟ ಚೆನ್ನಾಗಿದ್ದರೆ ಬರುತ್ತಾರೆ ಎಂದೆ. ನನ್ನ ಸದಸ್ಯತ್ವದ ಅರ್ಜಿಯನ್ನೂ ಆಗಲೇ ಮುಂದಿಟ್ಟೆ. ಈಚೆಗೆ ಹೊಸಬರು ಸೇರುವುದೇ ನಿಂತಿತ್ತು. ಅವರ ಮುಖ ಸ್ವಲ್ಪ ಅರಳಿತು. ಗಂಡನ ಜಾಗದಲ್ಲಿ ಮನೆಯ ಹೆಸರೊಂದು ಇರಲಿ ಎಂಬ ಆಸೆ ನನ್ನದು ಎಂದುಕೊಂಡು ಸಹಿ ಹಾಕಿದರು. ಇನ್ನೊಂದು ಸಹಿಗೆ ಬೀರೂರಿನ ಖಜಾಂಚಿಗಳ ಹತ್ತಿರ ಹೋದೆ. ಅವರು ನಿಯಮ ಬಿಟ್ಟು ಆ ಕಡೆ ಈ ಕಡೆ ಹೆಜ್ಜೆ ಇಡದ ಮನುಷ್ಯ. ಸ್ವಂತ ಕ್ಯಾಮೆರಾ ಇದೆಯೇ ಎಂದು ಕೇಳಿ, ತೋರಿಸಿದ ಮೇಲೇ ಪೆನ್ನು ತೆಗೆದರು.

ಅಷ್ಟರಲ್ಲಿ ಮದುವೆ ಮನೆಗಳಿಗೆಲ್ಲ ಫೋನು ಮಾಡಿದೆ. ನಾನೇ ಬರುತ್ತೇನೆ, ಆಗಬಹುದೇ ಎಂದು ನೇರವಾಗಿ ಕೇಳಿದೆ. ಒಂದೆರಡು ಮನೆಯವರು ತಡವರಿಸಿದರು. ಒಬ್ಬ ತಾಯಿ, ಬೇಜಾರ್ ಮಾಡ್ಕೋಬೇಡಿ, ಮುಹೂರ್ತಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದರು. ಕಾರಣ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡ ಸತ್ತವಳು ಮಾಂಗಲ್ಯದ ಹೊತ್ತಿಗೆ ಎದುರಿಗೆ ನಿಲ್ಲಬಾರದು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅಂಥವನ್ನು ಹಂಚಲು ಬಿಟ್ಟುಬಿಟ್ಟೆ. ಉಳಿದವರು, ಮೊದಲಿನಿಂದ ನೀವೇ ತಾನೇ ತೆಗೀತಿದ್ದುದು, ಬನ್ನಿ ಎಂದರು. ಬೇಜಾರೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿದವಳೂ ನಾನೇ. ಬೇರೆ ಯಾರಾದರೂ ಮಾಡಿದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಬಿಡುತ್ತಾರೆ. ನಾನು ತೆಗೆದದ್ದೇ ಒಂದು ಫೋಟೋ ಆರಿಸಿ, ಹಿಂದಿನ ಗೋಡೆ ಕತ್ತರಿಸಿ, ಅಂಗಿಯ ಕಾಲರು ನೆಟ್ಟಗೆ ಮಾಡಿದೆ. ಕಣ್ಣ ಕೆಳಗಿನ ಕಪ್ಪು ಅಳಿಸಲು ಹೋಗಿ ಹಾಗೇ ಬಿಟ್ಟೆ. ಕೈ ಅದರ ಪಾಡಿಗೆ ಕೆಲಸ ಮಾಡಿತು. ಯಾರದೋ ಮದುವೆಯ ಯಾರೋ ನೆಂಟರ ಮುಖದ ಹಾಗೆ ಆ ಮುಖವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದೆ. ಇಷ್ಟೇನಾ ಎಂದು ನನ್ನ ಮೇಲೇ ನನಗೆ ಹೇಸಿಗೆಯಾಯಿತು, ಅದೂ ಅರೆಗಳಿಗೆ.

ಸಮಾವೇಶದ ದಿನ ಅಜ್ಜಂಪುರದಿಂದ ಬೆಳಗಿನ ರೈಲು ಹಿಡಿದು ಬೀರೂರಿಗೆ ಹೋದೆ. ಜಿಟಿಜಿಟಿ ಮಳೆ. ಜನ ಬಂದರು, ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಕ್ಯಾಮೆರಾ ಬಾಗಿಲಲ್ಲಿ ಬಿಟ್ಟು ಒಳಗೆ ಬಂದವರಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ, ಕೆಲವರು ಹೊಟ್ಟೆಯ ಮೇಲೆ ಕಟ್ಟಿಕೊಂಡು ಕೂತರು. ಆದರೆ ಕೂತರು. ಸಾಫ್ಟ್‌ವೇರಿನ ಗೋಷ್ಠಿಗೆ ಪ್ರಶ್ನೆ ಮೇಲೆ ಪ್ರಶ್ನೆ ಬಂತು. ನರ್ಸಿನ ಮುಂದೆ ಸಾಲು ನಿಂತಿತು. ತಮಾಷೆಗೆಂದು ತೋಳು ಕೊಟ್ಟ ಒಬ್ಬರಿಗೆ ಇಂದೇ ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿದ್ದು ಕೇಳಿ ಸಾಲು ಇನ್ನೂ ಉದ್ದವಾಯಿತು.

ಊಟದ ಹೊತ್ತಿಗೆ ಪ್ರತಿವರ್ಷ ಆಗುವುದೇ ಆಯಿತು. ಮದುವೆಗಳಲ್ಲಿ ಫೋಟೋದವರು ಉಣ್ಣುವುದು ಎಲ್ಲರದೂ ಆದ ಮೇಲೆ, ಕೊನೆಯ ಪಂಕ್ತಿಯಲ್ಲಿ. ಅದು ಎಷ್ಟು ರೂಢಿಯಾಗಿದೆಯೆಂದರೆ ಸ್ವಂತ ಸಮಾವೇಶದಲ್ಲೂ ಎಲೆ ಹಾಕಿದರೆ ಒಬ್ಬರೂ ಕೂರುವುದಿಲ್ಲ, ಗೋಡೆಗೊರಗಿ ನಿಂತು ಬೇರೆಯವರದಾಗಲಿ ಎಂದು ಕಾಯುತ್ತಾರೆ. ಎಲ್ಲರೂ ಕಾಯುವವರೇ ಆದ್ದರಿಂದ ಸಾರು ಆರಿಹೋಗುತ್ತದೆ. ಈ ಸಲ ಮೈಕು ತೆಗೆದುಕೊಂಡು, ಇವತ್ತು ಬೀಗರು ನೀವೇ, ಮೊದಲ ಪಂಕ್ತಿಗೆ ಕೂರಿ ಎಂದೆ. ನಾಚಿಕೊಂಡು ಕೂತರು. ಬಡಿಸುವವರ ಜೊತೆ ಓಡಾಡುವಾಗ ನಮ್ಮವರು ಇದನ್ನು ನೋಡಿದ್ದರೆ ನಗುತ್ತಿದ್ದರು ಎಂದು ತಲೆಯಲ್ಲಿ ಬಂತು. ಲೆಕ್ಕದ ಹಾಗೆ ಬಂತು, ಹಾಗೇ ಹೋಯಿತು.

ಊಟವಾದ ಮೇಲೆ ನನ್ನನ್ನು ಸದಸ್ಯೆಯಾಗಿ ಒಪ್ಪಲು ಅರೆನಿಮಿಷವೂ ಹಿಡಿಯಲಿಲ್ಲ. ಹೊಟ್ಟೆ ತುಂಬಿದವರು ಚಪ್ಪಾಳೆ ತಟ್ಟಿದರು. ಫ್ಲೆಕ್ಸಿನ ಮುಂದೆ ಎಲ್ಲರೂ ಎದ್ದು ಮೌನ ಆಚರಿಸಿದರು. ಆಮೇಲೆ ಅಧ್ಯಕ್ಷರು ನನ್ನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಡೇಟು ಹಂಚಲು ನಿಂತರು.

ಮೊದಲು ಬಂದವು ನನ್ನನ್ನು ಬೇಡವೆಂದ ಮನೆಗಳವು. ಅಧ್ಯಕ್ಷರ ಬಾಯಿಂದ ಊರಿನ ಹೆಸರು ಬೀಳುವ ಮೊದಲೇ ನಾಲ್ಕಾರು ಕಡೆಯಿಂದ ‘ನಂದು’ ಎಂಬ ಕೂಗು ಬಂತು. ನಾನು ಸುಮ್ಮನಿದ್ದೆ. ಆಮೇಲೆ ಅವರು ಶ್ರಾವಣದ ಒಂದು ಶುಕ್ರವಾರ ಓದಿ, ಯಗಟಿ ಎಂದರು.

“ನಂದು” ಎಂದೆ.

ನನ್ನ ಮುಂದೆ ಮೈಕಿರಲಿಲ್ಲ, ಆದರೂ ಕೇಳಿಸಿತು. ಅಧ್ಯಕ್ಷರು ತಿರುಗಿ ನನ್ನನ್ನು ನೋಡಿ, ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿ ನೋಡಿ, ಮತ್ತೆ ನನ್ನನ್ನು ನೋಡಿದರು. ಊಟದ ಮೇಲೆ ಏನೇನು ಯಾಕೆ ಬಂದಿದೆ ಎಂಬುದು ಆಗ ಅವರಿಗೆ ಅರ್ಥವಾಯಿತು. ಖಜಾಂಚಿಗಳು ಎದ್ದು ನಿಂತರು. ನಿಯಮದ ಪ್ರಕಾರ ಡೇಟು ತೆಗೆದುಕೊಂಡವರು ಬಂದ ಹಣವನ್ನೆಲ್ಲ ತೀರಿಕೊಂಡವರ ಮನೆಗೆ ಕೊಡಬೇಕಾಗುತ್ತದೆ ಎಂದು ಗಂಭೀರವಾಗಿ ನೆನಪಿಸಿದರು. ಕೊಡುತ್ತೇನೆ ಎಂದೆ. ಹಿಂದಿನ ಸಾಲಿನಲ್ಲಿ ನಗು ಎದ್ದು ಅಲ್ಲೇ ಅಡಗಿತು.

ತರೀಕೆರೆಯ ಹಿರಿಯ ಸದಸ್ಯರೊಬ್ಬರು ಎದ್ದರು. ನಮ್ಮವರಿಗೆ ಕಸುಬು ಕಲಿಸಿದವರು, ಕೆಟ್ಟವರಲ್ಲ. ಮಾತು ಹೇಗೆ ಎತ್ತುವುದೆಂದು ತಿಳಿಯದೆ ಹೆಗಲ ಟವೆಲು ಸರಿಮಾಡಿಕೊಂಡರು.

“ನೋಡಮ್ಮ, ಬೇರೆ ಏನಾದ್ರೂ ಆಗಿದ್ರೆ ನಾನೇ ನಿನ್ನ ಕಡೆ ಮಾತಾಡ್ತಿದ್ದೆ. ಮುಹೂರ್ತದಲ್ಲಿ ಎದುರಿಗೆ ನಿಂತ್ಕಬೇಕಲ್ಲಮ್ಮ. ಜನ ಏನಂತಾರೆ?”

ಎಲ್ಲರ ಮನಸ್ಸಿನಲ್ಲಿ ಇದ್ದದ್ದನ್ನು ಅವರೊಬ್ಬರು ಹೇಳಿದ್ದರು. ನನಗೆ ಸಿಟ್ಟು ಬಂತು. ನಮ್ಮವರು ಹೋದ ಮೇಲೆ ನೆಟ್ಟಗೆ ಬಂದ ಮೊದಲನೆಯ ಸಂಗತಿ ಆ ಸಿಟ್ಟು.

“ಯಜಮಾನ್ರೇ, ನಿಮ್ಮ ಮಗಳ ಮದುವೇಲಿ ಮುಹೂರ್ತದ ಫೋಟೋ ತೆಗ್ದಿದ್ದು ನಾನು. ನಿಮ್ಮ ನಡುಮನೆ ಗೋಡೆ ಮೇಲಿದೆ. ಅವತ್ತು ನನ್ನ ಕರೆಸಿದ್ದು ಹಣೇಲಿ ಕುಂಕುಮ ಇತ್ತು ಅಂತಾನಾ, ಫೋಟೋ ಚೆನ್ನಾಗಿ ಬರ್ಲಿ ಅಂತಾನಾ?”

ಯಗಟಿಯವರನ್ನು ಕೇಳಿಯೇ ಬಂದಿದ್ದೇನೆ, ಅವರು ಬನ್ನಿ ಎಂದಿದ್ದಾರೆ ಎಂದೂ ಹೇಳಿದೆ. ಹಿರಿಯರು ಕೂತರು. ಅಧ್ಯಕ್ಷರು ಇನ್ನು ಯಾರಾದರೂ ಇದ್ದೀರಾ ಎಂದು ಪದ್ಧತಿಯಂತೆ ಕೇಳಿದರು. ಯಾರೂ ಇರಲಿಲ್ಲ. ಯಗಟಿಯ ಮದುವೆ ನನ್ನ ಹೆಸರಿಗೆ ಬರೆದುಕೊಂಡರು. ಮುಂದಿನದು ಕಡೂರು, ಅದಕ್ಕೂ ನಂದು ಎಂದೆ, ಅದನ್ನೂ ಬರೆದುಕೊಂಡರು.

ಆಮೇಲೆ ಅವರು ಕಾರ್ತೀಕದ ಒಂದು ದಿನ ಓದಿದರು. ಊರು ಅಜ್ಜಂಪುರ. ಅದು ನಮ್ಮ ಬೀದಿಯದೇ ಮನೆ. ನಮ್ಮವರು ತೀರಿಕೊಳ್ಳುವ ಹಿಂದಿನ ಸಂಜೆ ಆ ಮನೆಯವರು ಸ್ಟುಡಿಯೋಕ್ಕೆ ಬಂದು ಮಾತಾಡಿಕೊಂಡು ಹೋಗಿದ್ದರು. ನಾನು ಒಳಗೆ ಕಂಪ್ಯೂಟರಿನ ಮುಂದಿದ್ದೆ. ಆಯ್ತು, ಬರ್ತೀವಿ ಎಂದು ನಮ್ಮವರು ಹೇಳಿದ್ದು ಕೇಳಿಸಿತ್ತು. ಬರ್ತೀನಿ ಎಂದಿರಲಿಲ್ಲ, ಬರ್ತೀವಿ ಎಂದಿದ್ದರು.

ನಂದು ಎನ್ನಲು ಬಾಯಿ ತೆರೆದೆ. ಸ್ವರ ಬರಲಿಲ್ಲ. ಕೆಳಗೆ ನೋಡಿದರೆ ಸೀರೆಯ ಮೇಲೆ ನೀರು ಬಿದ್ದಿತ್ತು. ಎಲ್ಲಿಂದ ಬಿತ್ತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅದು ನಿಲ್ಲಲಿಲ್ಲ. ಅಷ್ಟು ಜನ ಗಂಡಸರ ಮುಂದೆ, ವೇದಿಕೆಯ ಮೇಲೆ, ಮುಖ ಮುಚ್ಚಿಕೊಳ್ಳಲೂ ಆಗದೆ ಬಿಕ್ಕಿ ಬಿಕ್ಕಿ ಅತ್ತೆ. ನೋವು ಎಂದರೆ ಇದು, ಇಷ್ಟು ದಿನ ಇದು ಇಲ್ಲೇ ಇತ್ತು ಎಂದು ಗೊತ್ತಾಯಿತು.

ಅಧ್ಯಕ್ಷರು ಮೈಕು ಹಿಡಿದುಕೊಂಡು ನಿಂತೇ ಇದ್ದರು. ಹಿಂದಿನಿಂದ ಪಾಪ ಯಾರೋ ಒಬ್ಬರು, ಈ ಹೆಂಗಸಿನ ಕೈಯಲ್ಲಿ ಆಗುವುದಿಲ್ಲ, ನಾವಾದರೂ ನೋಡಿಕೊಳ್ಳೋಣ ಎಂದುಕೊಂಡು ನಂದು ಎನ್ನಲು ಹೊರಟರು. ತರೀಕೆರೆಯ ಆ ಹಿರಿಯರು ಕೂತಲ್ಲಿಂದಲೇ ತಿರುಗಿ ನೋಡಿ, “ಸುಮ್ನಿರೋ” ಎಂದರು. ಅಷ್ಟೇ. ಕೆಲಸಕ್ಕಾಗಿ ಕೂಗಿ ಕೂಗಿ ರೂಢಿಯಾದ ಆ ಛತ್ರದ ತುಂಬ ಜನ, ಒಬ್ಬರೂ ಉಸಿರೆತ್ತದೆ, ನನ್ನ ಗಂಟಲು ಬಿಡುವವರೆಗೆ ಕಾದು ಕೂತರು.

“ನಂದು” ಎಂದೆ.